ಮಲಗು ಎಂದರೆ ಎದ್ದು ಕೂರುವ ಕಂಪ್ಯೂಟರ್

ತಾಲ್ಲೂಕು ಕೇಂದ್ರವೊಂದರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ ಎಂದಿಟ್ಟುಕೊಳ್ಳಿ. ಸುತ್ತಲಿನ ಹಳ್ಳಿಗಳ ಬೇಸಾಯಗಾರರು ಆಡುವ ಮಾತುಗಳನ್ನು ಅವರು ನಾಲ್ಕು ವರ್ಷಗಳಿಂದ ಕೂಡಿಡುತ್ತಿದ್ದಾರೆ. ನೇಗಿಲಿನ ಭಾಗಗಳ ಹೆಸರು, ಭತ್ತದ ತಳಿಗಳ ಹೆಸರು, ದನಗಳ ಬಣ್ಣಕ್ಕೆ ಹೇಳುವ ಹೆಸರು, ಹೀಗೆ. ಅದೆಲ್ಲ ಇರುವುದು ನಡುಮನೆಯ ಮೂಲೆಯಲ್ಲಿ ಕೂತಿರುವ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ.

ಒಂದು ರಾತ್ರಿ ಎಂದಿನಂತೆ ‘ಷಟ್ ಡೌನ್’ ಒತ್ತಿ ಮೇಷ್ಟ್ರು ಮಲಗಿದರು. ನಡುರಾತ್ರಿ ನೀರು ಕುಡಿಯಲು ಎದ್ದರೆ ಕಂಪ್ಯೂಟರ್ ಪೆಟ್ಟಿಗೆಯ ದೀಪ ಉರಿಯುತ್ತಿದೆ, ಒಳಗಿನ ಫ್ಯಾನು ಗುಂಯ್‌ಗುಡುತ್ತಿದೆ. ಆರಿಸಲು ಮರೆತೆನೇನೋ ಎಂದುಕೊಂಡರು. ಮರುದಿನವೂ ಹಾಗೇ ಆಯಿತು. ಮೊಮ್ಮಗನ ಮೇಲೆ ಅನುಮಾನ ಬಂತು. ಮೂರನೆಯ ರಾತ್ರಿ ಮೊಮ್ಮಗ ಊರಲ್ಲೇ ಇರಲಿಲ್ಲ. ‘ನಿಮ್ಮ ಹಾಗೇ ಅದಕ್ಕೂ ವಯಸ್ಸಾಯ್ತು ಅಂತ ಕಾಣುತ್ತೆ, ನಿದ್ದೆ ಬರೋದಿಲ್ಲ’ ಎಂದರು ಮನೆಯಾಕೆ.

ಮೇಷ್ಟ್ರು ಒಂದು ಉಪಾಯ ಕಂಡುಕೊಂಡರು. ಷಟ್ ಡೌನ್ ಒತ್ತುವುದು, ಒಂದು ನಿಮಿಷ ಕಾಯುವುದು, ಆಮೇಲೆ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುವುದು. ಎರಡು ವಾರ ಸುಖವಾಗಿ ನಡೆಯಿತು. ಮೂರನೆಯ ವಾರ ಒಂದು ಬೆಳಿಗ್ಗೆ ‘ಭ’ ಅಕ್ಷರದ ಕಡತ ತೆರೆಯಲೇ ಇಲ್ಲ.

ಅಂಗಡಿಯ ಹುಡುಗ ಬಂದ. ನೋಡಿದ. ಎರಡು ನಿಮಿಷದಲ್ಲಿ ತೀರ್ಪು ಕೊಟ್ಟ. ‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಎಲ್ಲಾ ಸರಿಹೋಗುತ್ತೆ.’

ಫಾರ್ಮ್ಯಾಟ್ ಮಾಡುವುದೆಂದರೆ ಡಿಸ್ಕನ್ನು ಬರಿದು ಮಾಡಿ ಎಲ್ಲವನ್ನೂ ಹೊಸದಾಗಿ ತುಂಬುವುದು. ಮನೆಯಲ್ಲಿ ಒಂದು ತಿಗಣೆ ಕಂಡಿತೆಂದು ಮನೆಯನ್ನೇ ಕೆಡವಿದ ಹಾಗೆ. ಈ ಕಾಯಿಲೆಗೆ ಬಹುಪಾಲು ಸಂದರ್ಭಗಳಲ್ಲಿ ಅದು ಬೇಕಾಗಿಯೇ ಇಲ್ಲ. ಆರಿಸಿದ ಕಂಪ್ಯೂಟರ್ ಏಕೆ ಏಳುತ್ತದೆ ಎಂಬುದನ್ನು ಕಂಪ್ಯೂಟರನ್ನೇ ಕೇಳಬಹುದು. ಅದು ಹೇಳುತ್ತದೆ ಕೂಡ. ಹೇಳದಂತೆ ಅದರ ಬಾಯಿ ಕಟ್ಟಿರುವುದು ಒಂದು ಪುಟ್ಟ ಸೌಕರ್ಯ, ಅಷ್ಟೆ.

ಮೊದಲು ಸ್ವಲ್ಪ ಹಳೆಯ ಕಥೆ. ಹಿಂದಿನ ಕಂಪ್ಯೂಟರುಗಳಿಗೆ ಈ ಕಾಯಿಲೆ ಇರಲಿಲ್ಲ. ಏಕೆಂದರೆ ತಮ್ಮನ್ನು ತಾವೇ ಆರಿಸಿಕೊಳ್ಳುವುದು ಅವಕ್ಕೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಸ್ವಿಚ್ಚು ನೇರವಾಗಿ ವಿದ್ಯುತ್ತನ್ನು ಕಡಿಯುತ್ತಿತ್ತು. ವಿಂಡೋಸ್ 95 ಕಾಲದ ಯಂತ್ರಗಳನ್ನು ಬಳಸಿದವರಿಗೆ ನೆನಪಿರಬಹುದು: ಕೆಲಸವೆಲ್ಲ ಮುಗಿದ ಮೇಲೆ ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ಅಕ್ಷರಗಳು ಮೂಡಿ, ಇನ್ನು ನಿಶ್ಚಿಂತೆಯಿಂದ ಆರಿಸಬಹುದು ಎಂದು ಅಪ್ಪಣೆ ಕೊಡುತ್ತಿದ್ದವು. ಕೈ ಚಾಚಿ ಸ್ವಿಚ್ಚು ಒತ್ತುವುದು ಮನುಷ್ಯನ ಕೆಲಸವಾಗಿತ್ತು.

1992ರಲ್ಲಿ ಇಂಟೆಲ್ ಮತ್ತು ಮೈಕ್ರೊಸಾಫ್ಟ್ ಕೂಡಿ ವಿದ್ಯುತ್ ನಿರ್ವಹಣೆಗೆ ‘ಎಪಿಎಂ’ ಎಂಬ ಒಂದು ಒಪ್ಪಂದ ಮಾಡಿಕೊಂಡವು. 1995ರಲ್ಲಿ ಇಂಟೆಲ್ ‘ಎಟಿಎಕ್ಸ್’ ಎಂಬ ಹೊಸ ಮಾದರಿಯ ಪೆಟ್ಟಿಗೆಯನ್ನೂ ಅದಕ್ಕೆ ತಕ್ಕ ವಿದ್ಯುತ್ ಘಟಕವನ್ನೂ ರೂಪಿಸಿತು. 1996ರ ಕೊನೆಯಲ್ಲಿ ಇಂಟೆಲ್, ಮೈಕ್ರೊಸಾಫ್ಟ್ ಮತ್ತು ತೋಷಿಬಾ ಸೇರಿ ‘ಎಸಿಪಿಐ’ ಎಂಬ ನಿಯಮಾವಳಿ ತಂದವು. ಇಂದಿಗೂ ನಮ್ಮ ಕಂಪ್ಯೂಟರುಗಳು ಏಳುವುದು, ತೂಕಡಿಸುವುದು, ಮಲಗುವುದು ಎಲ್ಲ ಈ ನಿಯಮಾವಳಿಯ ಪ್ರಕಾರವೇ. ಈ ಬದಲಾವಣೆಗಳಿಂದ ಪೆಟ್ಟಿಗೆಯ ಮುಂದಿನ ಗುಂಡಿ ಸ್ವಿಚ್ಚಾಗಿ ಉಳಿಯಲಿಲ್ಲ. ಅದು ಬರೀ ಒಂದು ಕರೆಗಂಟೆಯಾಯಿತು. ಒತ್ತಿದರೆ ‘ಯಾರೋ ಕರೆಯುತ್ತಿದ್ದಾರೆ’ ಎಂದು ಮದರ್‌ಬೋರ್ಡಿಗೆ ತಿಳಿಯುತ್ತದೆ. ಮುಂದಿನದನ್ನು ಅದು ನೋಡಿಕೊಳ್ಳುತ್ತದೆ.

ಕರೆಗಂಟೆ ಕೇಳಿಸಿಕೊಳ್ಳಬೇಕಾದರೆ ಒಳಗೆ ಯಾರಾದರೂ ಎಚ್ಚರವಾಗಿರಬೇಕಲ್ಲ? ಅದಕ್ಕೇ ಆರಿಸಿದ ಕಂಪ್ಯೂಟರಿನಲ್ಲೂ ಐದು ವೋಲ್ಟಿನ ಒಂದು ಸಣ್ಣ ಧಾರೆ ಸದಾ ಹರಿಯುತ್ತಿರುತ್ತದೆ. ಎಟಿಎಕ್ಸ್ ವಿದ್ಯುತ್ ಘಟಕದಿಂದ ಹೊರಬರುವ ತಂತಿಗಳ ಕಟ್ಟಿನಲ್ಲಿ ನೇರಳೆ ಬಣ್ಣದ್ದು ಈ ಧಾರೆಯ ತಂತಿ. ಹಸಿರು ಬಣ್ಣದ್ದು ‘ಏಳು’ ಎಂಬ ಅಪ್ಪಣೆಯ ತಂತಿ. ಮನೆಯವರೆಲ್ಲ ಮಲಗಿದ್ದಾರೆ, ಜಗುಲಿಯಲ್ಲಿ ಕಾವಲುಗಾರ ಎದ್ದಿದ್ದಾನೆ ಎಂದು ತಿಳಿಯಿರಿ. ಗೋಡೆಯ ಸ್ವಿಚ್ಚು ಆರಿಸಿದಾಗ ಮಾತ್ರ ಕಾವಲುಗಾರನೂ ಮಲಗುತ್ತಾನೆ.

ಕಂಪ್ಯೂಟರ್ ತಾನಾಗಿ ಆರುವ ಸೌಕರ್ಯ ಬಂತು. ಅದರ ಹಿಂದೆಯೇ ತಾನಾಗಿ ಏಳುವ ಕಾಯಿಲೆಯೂ ಬಂತು. ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಆರಿಸುವುದೇ ಒಂದು ದೊಡ್ಡ ರಗಳೆಯಾಗಿ, ಬರೀ ಅದಕ್ಕಾಗಿ ಮೈಕ್ರೊಸಾಫ್ಟ್ ಒಂದು ಪೂರಕ ತಂತ್ರಾಂಶವನ್ನೇ ಬಿಡುಗಡೆ ಮಾಡಬೇಕಾಯಿತು.

ಷಟ್ ಡೌನ್ ಒತ್ತಿದಾಗ ಒಳಗೆ ನಡೆಯುವುದೇನು? ರಾತ್ರಿ ಬಾಗಿಲು ಹಾಕುವ ಹೋಟೆಲನ್ನು ನೆನೆಯಿರಿ. ಮೊದಲು ಗಿರಾಕಿಗಳನ್ನು ಕಳಿಸಬೇಕು. ಆಮೇಲೆ ಮೇಜು ಒರೆಸಬೇಕು, ಪಾತ್ರೆ ತೊಳೆಯಬೇಕು. ಗಲ್ಲಾಪೆಟ್ಟಿಗೆಯ ಲೆಕ್ಕ ಬರೆಯಬೇಕು. ಒಲೆ ಆರಿಸಬೇಕು. ಕೊನೆಗೆ ಷಟರ್ ಎಳೆಯಬೇಕು. ಕಂಪ್ಯೂಟರಿನಲ್ಲಿಯೂ ಇದೇ ಕ್ರಮ. ತೆರೆದಿರುವ ತಂತ್ರಾಂಶಗಳು ಮುಚ್ಚುತ್ತವೆ. ಹಿನ್ನೆಲೆಯಲ್ಲಿ ಓಡುವ ಸೇವೆಗಳು ನಿಲ್ಲುತ್ತವೆ. ನೆನಪಿನಲ್ಲಿ ಉಳಿದಿರುವ ಬರಹ ಡಿಸ್ಕಿಗೆ ಇಳಿಯುತ್ತದೆ. ಪ್ರಿಂಟರು, ನೆಟ್‌ವರ್ಕ್ ಕಾರ್ಡು ಮುಂತಾದ ಒಂದೊಂದು ಸಲಕರಣೆಯನ್ನೂ ನಿಲ್ಲು ಎಂದು ಹೇಳಲಾಗುತ್ತದೆ. ಕೊನೆಗೆ ವಿದ್ಯುತ್ ಘಟಕಕ್ಕೆ ಆರು ಎಂಬ ಅಪ್ಪಣೆ ಹೋಗುತ್ತದೆ.

ಗಲ್ಲಾಪೆಟ್ಟಿಗೆಯ ಲೆಕ್ಕ ಬರೆಯುತ್ತಿರುವಾಗ ಯಾರೋ ದೀಪ ಆರಿಸಿದರೆ ಏನಾಗುತ್ತದೆ? ಮೇಷ್ಟ್ರ ‘ಭ’ ಅಕ್ಷರಕ್ಕೆ ಆದದ್ದು ಅದೇ.

ಈಗ ಕಾಯಿಲೆಯ ಮೂಲಕ್ಕೆ ಬರಬಹುದು. ಬಾಗಿಲು ಹಾಕುವ ಹೊತ್ತಿನಲ್ಲಿ ಒಳಗೆ ಏನೋ ಅವಘಡವಾಯಿತು ಎನ್ನಿ. ಇಂಥ ಹೊತ್ತಿಗೆಂದೇ ವಿಂಡೋಸ್ ಒಂದು ಕಟ್ಟಪ್ಪಣೆ ಇಟ್ಟುಕೊಂಡಿದೆ: ವ್ಯವಸ್ಥೆಯೇ ಕುಸಿಯುವಂಥ ಅವಘಡವಾದರೆ ಹೋಟೆಲನ್ನು ಹೊಸದಾಗಿ ತೆರೆ. ಹಗಲು ಹೊತ್ತು ಇದು ಒಳ್ಳೆಯ ಅಪ್ಪಣೆಯೇ. ಯಾರೂ ಕಾವಲಿಲ್ಲದ ಸರ್ವರ್ ಯಂತ್ರ ಕುಸಿದರೆ ತಾನಾಗಿ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಆದರೆ ಅವಘಡ ಆಗಿರುವುದು ಬಾಗಿಲು ಹಾಕುವಾಗ. ಹಾಗಾಗಿ ಮಲಗಬೇಕಾದ ಯಂತ್ರ ಎದ್ದು ಕೂರುತ್ತದೆ. ಏಕೆ ಕುಸಿದೆ ಎಂದು ಹೇಳುವ ನೀಲಿ ಪರದೆ ಕಣ್ಣಿಗೆ ಬೀಳುವಷ್ಟರಲ್ಲಿ ಮಾಯವಾಗಿರುತ್ತದೆ. 2025ರಲ್ಲಿ ವಿಂಡೋಸ್ 11 ಆ ಪರದೆಯನ್ನು ಕಪ್ಪು ಮಾಡಿತು. ಬಣ್ಣ ಯಾವುದಾದರೇನು, ಓದಲು ಪುರಸೊತ್ತು ಸಿಗದಿದ್ದರೆ ಎರಡೂ ಒಂದೇ.

ಆದ್ದರಿಂದ ನೆನಪಿಡಬೇಕಾದದ್ದು ಇಷ್ಟು: ಮತ್ತೆ ಏಳುವುದೇ ರೋಗವಲ್ಲ. ಅನೇಕ ಸಲ ಅದು ರೋಗವನ್ನು ಮುಚ್ಚಿರುವ ತೆರೆ. ತೆರೆಯನ್ನು ಸರಿಸುವುದು ಮೊದಲ ಕೆಲಸ.

ಅದಕ್ಕೂ ಮುಂಚೆ ಒಂದು ಕೆಲಸವಿದೆ. ಕಳೆದುಕೊಳ್ಳಲಾರದ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೋ ಬೇರೆ ಡಿಸ್ಕಿಗೋ ನಕಲು ಮಾಡಿ, ಅದನ್ನು ಕಿತ್ತು ಬೀರುವಿನಲ್ಲಿಡಿ. ರಿಪೇರಿ ಮಾಡುವವರು ಎಷ್ಟೇ ನುರಿತವರಾದರೂ ಇದನ್ನು ಬಿಡಬೇಡಿ.

ಈಗ ತೆರೆ ಸರಿಸೋಣ. ವಿಂಡೋಸ್‌ನ ಹುಡುಕುವ ಜಾಗದಲ್ಲಿ ‘ವ್ಯೂ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ತೆರೆಯಿರಿ. ಅಲ್ಲಿ ‘ಅಡ್ವಾನ್ಸ್ಡ್’ ಪುಟದ ಕೆಳಭಾಗದಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ಎಂಬ ಚೌಕವಿದೆ. ಅದರ ‘ಸೆಟ್ಟಿಂಗ್ಸ್’ ಒತ್ತಿದರೆ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬ ಸಾಲಿನ ಮುಂದೆ ಒಂದು ಟಿಕ್ ಗುರುತು ಕಾಣುತ್ತದೆ. ಆ ಗುರುತನ್ನು ತೆಗೆದು ‘ಓಕೆ’ ಒತ್ತಿ. ಆಮೇಲೆ ಷಟ್ ಡೌನ್ ಮಾಡಿ, ಯಂತ್ರದ ಮುಂದೆಯೇ ಕೂತಿರಿ. ಮುಂದೆ ಆಗುವುದನ್ನು ನೋಡಿ ಮೂಲವನ್ನು ಬೇರೆ ಮಾಡಬಹುದು.

ಒಂದನೆಯ ಬಗೆ: ಈ ಸಲ ಯಂತ್ರ ಮತ್ತೆ ಏಳದೆ, ಒಂದು ಪರದೆ ಮೂಡಿ ಹಾಗೇ ನಿಂತುಬಿಡುತ್ತದೆ. ಇದು ಸೋಲಲ್ಲ, ಗೆಲುವು. ಕಾಗದ ಪೆನ್ನು ತೆಗೆದುಕೊಂಡು ಪರದೆಯ ಮೇಲಿರುವುದನ್ನು ಅಕ್ಷರ ಬಿಡದೆ ಬರೆದುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಅಲ್ಲಿ ಒಂದು ಸಂಕೇತ ಸಂಖ್ಯೆ ಇರುತ್ತದೆ. ಕೆಲವು ಸಲ ‘ಎಸ್‌ವೈಎಸ್’ ಎಂದು ಕೊನೆಯಾಗುವ ಒಂದು ಕಡತದ ಹೆಸರೂ ಇರುತ್ತದೆ. ಆ ಹೆಸರು ಯಾವುದೋ ಒಂದು ‘ಡ್ರೈವರ್’ನದು. ಬಸ್ಸಿನ ಡ್ರೈವರ್ ಅಲ್ಲ. ವಿಂಡೋಸ್ ಮತ್ತು ಒಂದು ಸಲಕರಣೆಯ ನಡುವೆ ಮಾತು ದಾಟಿಸುವ ದುಭಾಷಿ ತಂತ್ರಾಂಶ. ‘9ಎಫ್’ ಎಂದು ಕೊನೆಯಾಗುವ ಸಂಕೇತ ಬಂದರೆ, ನಿಲ್ಲು ಎಂದಾಗ ಯಾವುದೋ ಡ್ರೈವರ್ ಉತ್ತರ ಕೊಡಲಿಲ್ಲ ಎಂದು ಅರ್ಥ. ಇಂಥ ಯಂತ್ರಗಳು ಸಾಮಾನ್ಯವಾಗಿ ‘ಷಟಿಂಗ್ ಡೌನ್’ ಎಂಬ ಬರಹದ ಪಕ್ಕದ ಚಕ್ರವನ್ನು ನಿಮಿಷಗಟ್ಟಲೆ ತಿರುಗಿಸುತ್ತ ಕೂತು, ಆಮೇಲೆ ಕುಸಿಯುತ್ತವೆ. ಷಟ್ ಡೌನ್ ಒತ್ತಿ ಮಲಗಲು ಹೋದವರಿಗೆ ಈ ಕಾಯುವಿಕೆ ಕಾಣುವುದೇ ಇಲ್ಲ.

ಮದ್ದು ಸರಳ. ಕಾಯಿಲೆ ಶುರುವಾದ ದಿನಗಳಲ್ಲಿ ಹೊಸದಾಗಿ ಸೇರಿಸಿದ್ದೇನು ಎಂದು ನೆನಪು ಮಾಡಿಕೊಳ್ಳಿ. ಯುಎಸ್‌ಬಿ ಕಿಂಡಿಗಳಿಗೆ ಚುಚ್ಚಿರುವುದನ್ನೆಲ್ಲ ಕಿತ್ತು, ಕೀಲಿಮಣೆ ಮತ್ತು ಮೌಸ್ ಮಾತ್ರ ಉಳಿಸಿ ಆರಿಸಿ ನೋಡಿ. ಆರಿದರೆ ಒಂದೊಂದನ್ನೇ ಮರಳಿ ಚುಚ್ಚುತ್ತ ಬನ್ನಿ. ಕಳ್ಳ ಸಿಗುತ್ತಾನೆ. ಆ ಸಲಕರಣೆಯ ತಯಾರಕರಿಂದ ಹೊಸ ಡ್ರೈವರ್ ತಂದು ಹಾಕಬೇಕು. ಅದಿಲ್ಲದಿದ್ದರೆ ಸಲಕರಣೆಯನ್ನೂ ಡ್ರೈವರನ್ನೂ ತೆಗೆದುಹಾಕಬೇಕು.

ಎರಡನೆಯ ಬಗೆ: ಯಂತ್ರ ಪೂರ್ತಿ ಆರುತ್ತದೆ. ಫ್ಯಾನು ನಿಲ್ಲುತ್ತದೆ, ದೀಪ ಆರುತ್ತದೆ. ಕೆಲವು ಕ್ಷಣಗಳಾದ ಮೇಲೋ ಕೆಲವು ಗಂಟೆಗಳಾದ ಮೇಲೋ ತಾನಾಗಿ ಏಳುತ್ತದೆ. ಇಲ್ಲಿ ಅವಘಡವೇನೂ ಆಗಿಲ್ಲ. ಜಗುಲಿಯ ಕಾವಲುಗಾರನನ್ನು ಯಾರೋ ಎಬ್ಬಿಸಿದ್ದಾರೆ. ಮೊದಲ ಅನುಮಾನ ನೆಟ್‌ವರ್ಕ್ ಕಾರ್ಡಿನ ಮೇಲೆ. ದೂರದಿಂದಲೇ ಕಂಪ್ಯೂಟರನ್ನು ಎಬ್ಬಿಸುವ ‘ವೇಕ್ ಆನ್ ಲ್ಯಾನ್’ ಎಂಬ ಸೌಕರ್ಯ ಇದರಲ್ಲಿದೆ. ನೂರಾರು ಯಂತ್ರಗಳಿರುವ ಕಚೇರಿಗಳಿಗೆಂದು ಮಾಡಿದ ಈ ಏರ್ಪಾಟು ಮನೆಯ ಯಂತ್ರದಲ್ಲೂ ಇರುತ್ತದೆ. ಪರೀಕ್ಷೆ ಸುಲಭ. ನೆಟ್‌ವರ್ಕ್ ಕೇಬಲ್ ಕಿತ್ತು ಆರಿಸಿ. ಏಳದಿದ್ದರೆ ಅದೇ ಕಾರಣ. ‘ಡಿವೈಸ್ ಮ್ಯಾನೇಜರ್’ನಲ್ಲಿ ಆ ಕಾರ್ಡಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟಕ್ಕೆ ಹೋಗಿ, ಕಂಪ್ಯೂಟರನ್ನು ಎಬ್ಬಿಸುವ ಅನುಮತಿಯ ಟಿಕ್ ತೆಗೆಯಿರಿ. ಕೀಲಿಮಣೆ, ಮೌಸುಗಳಿಗೂ ಇದೇ ಬಗೆಯ ಅನುಮತಿ ಇರುವುದುಂಟು. ಮದರ್‌ಬೋರ್ಡಿನ ಬಯಾಸ್ ವ್ಯವಸ್ಥೆಯಲ್ಲಿ ಇಂತಿಷ್ಟು ಹೊತ್ತಿಗೆ ಏಳು ಎಂಬ ಅಲಾರಮ್ ಕೂಡ ಇರಬಹುದು, ಅದನ್ನೂ ನೋಡಿ. ಇನ್ನೊಂದು ಬಡಪಾಯಿ ಕಾರಣವೂ ಉಂಟು. ಪೆಟ್ಟಿಗೆಯ ಮುಂದಿನ ಗುಂಡಿಯೇ ಧೂಳು ತುಂಬಿ ಒಳಗೆ ಸಿಕ್ಕಿಕೊಂಡಿರುತ್ತದೆ!

ನಮ್ಮ ಊರುಗಳಲ್ಲಿ ತಪ್ಪು ತಿಳಿವಳಿಕೆಗೆ ಎಡೆಮಾಡುವ ಇನ್ನೊಂದು ಸಂಗತಿಯಿದೆ. ಕರೆಂಟು ಹೋಗಿ ಮರಳಿ ಬಂದಾಗ ಏನು ಮಾಡಬೇಕು ಎಂಬ ಅಪ್ಪಣೆಯನ್ನು ಬಯಾಸಿನಲ್ಲಿ ಬರೆದಿರುತ್ತಾರೆ. ಅದು ‘ಏಳು’ ಎಂದಿದ್ದರೆ, ಆರಿಸಿ ಮಲಗಿದ ಯಂತ್ರ ನಡುರಾತ್ರಿ ಕರೆಂಟು ಬಂದ ಕೂಡಲೆ ಎದ್ದು ಕೂರುತ್ತದೆ. ಇದು ಕೆಟ್ಟಿರುವುದಲ್ಲ, ಹೇಳಿದ ಮಾತು ಕೇಳುತ್ತಿರುವುದು. ಆ ಅಪ್ಪಣೆಯನ್ನು ‘ಆರಿಯೇ ಇರು’ ಎಂದು ಬದಲಿಸಿದರೆ ಮುಗಿಯಿತು.

ಮೂರನೆಯ ಬಗೆ ಸ್ವಲ್ಪ ಸೂಕ್ಷ್ಮ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬುದು ಸೇರಿಕೊಂಡಿದೆ. ಇದು ಚಾಲೂ ಇರುವ ಯಂತ್ರದಲ್ಲಿ ಷಟ್ ಡೌನ್ ಎಂದರೆ ಪೂರ್ತಿ ಆರುವುದಲ್ಲ. ನಿಮ್ಮ ತಂತ್ರಾಂಶಗಳೆಲ್ಲ ಮುಚ್ಚುತ್ತವೆ, ಆದರೆ ವಿಂಡೋಸ್‌ನ ತಿರುಳಿನ ಸ್ಥಿತಿಯನ್ನು ಹಾಗೇ ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಸಲಾಗುತ್ತದೆ. ಬೇಗ ಏಳುವುದಕ್ಕಾಗಿ ಅರೆನಿದ್ದೆ. ತಮಾಷೆಯೆಂದರೆ, ಎಲ್ಲವನ್ನೂ ಪೂರ್ತಿ ಮುಚ್ಚಿ ಹೊಸದಾಗಿ ತೆರೆಯುವುದು ‘ರೀಸ್ಟಾರ್ಟ್’ ಒತ್ತಿದಾಗ! ಕೆಲವು ಮದರ್‌ಬೋರ್ಡು ಮತ್ತು ಡ್ರೈವರುಗಳಿಗೆ ಈ ಅರೆನಿದ್ದೆ ಒಗ್ಗುವುದಿಲ್ಲ. ಪರೀಕ್ಷಿಸಲು ‘ಶಿಫ್ಟ್’ ಕೀಲಿಯನ್ನು ಒತ್ತಿಹಿಡಿದು ಷಟ್ ಡೌನ್ ಮಾಡಿ. ಆಗ ಯಂತ್ರ ಪೂರ್ತಿ ಆರುತ್ತದೆ. ಹಾಗೆ ಮಾಡಿದಾಗ ಕಾಯಿಲೆ ಕಾಣದಿದ್ದರೆ, ‘ಕಂಟ್ರೋಲ್ ಪ್ಯಾನೆಲ್’ನ ‘ಪವರ್ ಆಪ್ಷನ್ಸ್’ ಒಳಗೆ, ವಿದ್ಯುತ್ ಗುಂಡಿಗಳ ಕೆಲಸ ಗೊತ್ತುಮಾಡುವ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದುಬಿಡಿ. ಬೆಳಿಗ್ಗೆ ಏಳಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯಬಹುದು. ನಷ್ಟವೇನಿಲ್ಲ.

ನಾಲ್ಕನೆಯ ಬಗೆಯಲ್ಲಿ ತಪ್ಪು ವಿಂಡೋಸ್‌ನದೇ. ಹೊಸ ಪರಿಷ್ಕರಣೆಗಳು ಬಂದಾಗ ‘ಅಪ್‌ಡೇಟ್ ಅಂಡ್ ಷಟ್ ಡೌನ್’ ಎಂಬ ಸಾಲು ಕಾಣುತ್ತದೆ. ಅದನ್ನು ಒತ್ತಿದರೂ ಆರದೆ ಮತ್ತೆ ಎದ್ದು ನಿಲ್ಲುವ ಯಂತ್ರಗಳ ಬಗ್ಗೆ ಬಳಕೆದಾರರು ವರ್ಷಗಟ್ಟಲೆ ಗೊಣಗಿದರು. ಇದರ ಮೂಲ ದೋಷವನ್ನು ಸರಿಪಡಿಸಿರುವುದಾಗಿ 2025ರ ಅಕ್ಟೋಬರ್ ಕೊನೆಯಲ್ಲಿ ಬಂದ ವಿಂಡೋಸ್ 11ರ ಪರಿಷ್ಕರಣೆಯೊಂದರ ಜೊತೆ ಮೈಕ್ರೊಸಾಫ್ಟ್ ಹೇಳಿತು. ಅದೇ ತಿಂಗಳ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೂ ಮುಗಿಯಿತು. ಆದ್ದರಿಂದ ಪರಿಷ್ಕರಣೆಯ ದಿನ ಮಾತ್ರ ಯಂತ್ರ ಎದ್ದು ಕೂತರೆ ಗಾಬರಿ ಬೇಡ, ಇನ್ನೊಮ್ಮೆ ಆರಿಸಿ.

ಯಾವ ಬಗೆ ಎಂದು ಗೊತ್ತಾಗದಿದ್ದರೆ ದಿನಚರಿ ನೋಡಿ. ವಿಂಡೋಸ್ ತನ್ನ ದಿನಚರಿಯನ್ನು ತಪ್ಪದೆ ಬರೆಯುತ್ತದೆ. ಅದನ್ನು ಓದುವ ಜಾಗ ‘ಈವೆಂಟ್ ವ್ಯೂವರ್’. ಅದರೊಳಗಿನ ‘ಸಿಸ್ಟಮ್’ ಪಟ್ಟಿಯಲ್ಲಿ 1074 ಎಂಬ ಸಂಖ್ಯೆ ಹುಡುಕಿ. ಆರಿಸುವಂತೆ ಅಥವಾ ಮರುಚಾಲನೆ ಮಾಡುವಂತೆ ಯಾರು ಹೇಳಿದರು ಎಂಬುದು ಅಲ್ಲಿರುತ್ತದೆ. 6006 ಎಂದರೆ ದಿನಚರಿ ಬರೆಯುವ ಸೇವೆ ಕ್ರಮವಾಗಿ ನಿಂತಿದೆ. 6008 ಅಥವಾ 41 ಕಂಡರೆ ಹಿಂದಿನ ಸಲ ಯಂತ್ರ ಕ್ರಮತಪ್ಪಿ ನಿಂತಿದೆ. 1001 ಎಂಬ ಸಂಖ್ಯೆಯೊಡನೆ ‘ಬಗ್‌ಚೆಕ್’ ಎಂಬ ಮಾತಿದ್ದರೆ ಕುಸಿತದ ಸಂಕೇತವೂ ಅಲ್ಲೇ ಸಿಗುತ್ತದೆ.

ಇಷ್ಟಕ್ಕೂ ಸರಿಹೋಗದಿದ್ದರೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್ ಒಂದನ್ನು ಹಾಕಿ, ಅದರಿಂದ ಆರಿಸಿ ನೋಡಿ. ಅದರಲ್ಲಿ ಸರಿಯಾಗಿ ಆರಿದರೆ ದೋಷ ವಿಂಡೋಸ್‌ನಲ್ಲಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಅದರಲ್ಲೂ ಆರದೆ ಎದ್ದರೆ ಬಯಾಸನ್ನು, ವಿದ್ಯುತ್ ಘಟಕವನ್ನು, ಮದರ್‌ಬೋರ್ಡನ್ನು ಪರೀಕ್ಷಿಸಬೇಕು. ವಿದ್ಯುತ್ ಘಟಕದ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಗೋಡೆಯ ಸ್ವಿಚ್ಚು ಆರಿಸಿದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ಅದೆಲ್ಲ ಆಗುವವರೆಗೆ, ಇವತ್ತು ರಾತ್ರಿ ಆರಿಸುವುದು ಹೇಗೆ? ಪರದೆಯ ಮೇಲೆ ಚಕ್ರ ತಿರುಗುತ್ತಿರುವಾಗ ಗೋಡೆಯ ಸ್ವಿಚ್ಚಿಗೆ ಕೈ ಹಾಕಬೇಡಿ. ಯಂತ್ರ ತಾನಾಗಿ ಮತ್ತೆ ಏಳಲಿ, ಬಿಡಿ. ಏಳುತ್ತಿದ್ದಂತೆಯೇ ‘ಡಿಲೀಟ್’ ಅಥವಾ ‘ಎಫ್2’ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತಿ ಬಯಾಸಿನ ಪರದೆಗೆ ಹೋಗಿ. ಯಾವ ಕೀಲಿ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆಯಿರುತ್ತದೆ. ಆ ಹೊತ್ತಿನಲ್ಲಿ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ನಿಮ್ಮ ಕಡತಗಳನ್ನು ಯಾರೂ ಮುಟ್ಟುತ್ತಿರುವುದಿಲ್ಲ. ಅಲ್ಲಿ ಪೆಟ್ಟಿಗೆಯ ಗುಂಡಿಯನ್ನು ಐದಾರು ಸೆಕೆಂಡು ಒತ್ತಿಹಿಡಿದರೆ ಯಂತ್ರ ಆರುತ್ತದೆ. ಆಮೇಲೆ ಬೇಕಾದರೆ ಗೋಡೆಯ ಸ್ವಿಚ್ಚು ಆರಿಸಿ.

ಮೇಷ್ಟ್ರ ಕಥೆ ಏನಾಯಿತು? ಫಾರ್ಮ್ಯಾಟ್ ಎಂಬ ಮಾತು ಕೇಳಿ ಅವರು ಅಂಗಡಿಯ ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದರು. ಒಂದು ಕಾಲದಲ್ಲಿ ತಮ್ಮ ತರಗತಿಯಲ್ಲಿ ಓದಿದ, ಈಗ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಹುಡುಗಿಗೆ ಫೋನು ಮಾಡಿದರು. ಆಕೆ ಬಂದವಳೇ ಮೊದಲು ಕಡತಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಮೇಷ್ಟ್ರ ಕೈಗೇ ಕೊಟ್ಟಳು. ಆಮೇಲೆ ಆ ಟಿಕ್ ತೆಗೆದಳು. ಷಟ್ ಡೌನ್ ಒತ್ತಿ ಇಬ್ಬರೂ ಕಾದು ಕೂತರು. ಚಕ್ರ ತಿರುಗಿತು, ತಿರುಗಿತು, ಕೊನೆಗೆ ಪರದೆ ಮೂಡಿ ನಿಂತಿತು. ‘9ಎಫ್’.

‘ಸಾರ್, ಇತ್ತೀಚೆಗೆ ಇದಕ್ಕೆ ಹೊಸದಾಗಿ ಏನು ಹಾಕಿದಿರಿ?’

ಮೇಷ್ಟ್ರು ತಲೆ ಕೆರೆದುಕೊಂಡರು. ಪೆಟ್ಟಿಗೆಯ ಹಿಂಭಾಗದಲ್ಲಿ ಹೆಬ್ಬೆರಳ ಉಗುರಿನಷ್ಟಿದ್ದ ವೈಫೈ ಕಡ್ಡಿಯೊಂದು ಚುಚ್ಚಿಕೊಂಡಿತ್ತು. ಮೊಮ್ಮಗ ರಜೆಗೆ ಬಂದಾಗ ಹಾಕಿಹೋದದ್ದು. ಮೊದಲ ದಿನ ಮೊಮ್ಮಗನ ಮೇಲೆ ಪಟ್ಟ ಅನುಮಾನ ಪೂರ್ತಿ ಸುಳ್ಳೇನೂ ಆಗಿರಲಿಲ್ಲ!

ಕಡ್ಡಿಯನ್ನು ಕಿತ್ತು, ಅದರ ಡ್ರೈವರನ್ನೂ ತೆಗೆದು, ಮತ್ತೆ ಷಟ್ ಡೌನ್ ಒತ್ತಿದರು. ಅರ್ಧ ನಿಮಿಷದೊಳಗೆ ಫ್ಯಾನಿನ ಸದ್ದು ಇಳಿಯಿತು, ದೀಪ ಆರಿತು. ‘ಭ’ ಅಕ್ಷರದ ಕಡತ ಮಾತ್ರ ಮರಳಲಿಲ್ಲ. ಆ ಹಳ್ಳಿಗಳಿಗೆ ಮತ್ತೆ ಹೋಗಬೇಕು. ಭತ್ತದ ತಳಿಗಳ ಹೆಸರು ಹೇಳಿದ ಅಜ್ಜಂದಿರಲ್ಲಿ ಇಬ್ಬರು ಈಗಿಲ್ಲ.

ಈಗಲೂ ಮೇಷ್ಟ್ರು ರಾತ್ರಿ ಷಟ್ ಡೌನ್ ಒತ್ತಿದ ಮೇಲೆ ದೀಪ ಆರುವವರೆಗೆ ಕುರ್ಚಿಯಲ್ಲೇ ಕೂತಿರುತ್ತಾರೆ. ಪೆನ್‌ಡ್ರೈವು ಜೇಬಿನಲ್ಲಿರುತ್ತದೆ.